ಏಳು ಅಂತಸ್ತಿನ ಸೇಡು

ಮರಕ್ಕೆ ಹಾಕುವ ಅಂಟು ಹಸಿಯಿರುವಾಗ ಸ್ವಲ್ಪ ಹುಳಿಹುಳಿ ವಾಸನೆ ಹೊಡೆಯುತ್ತದೆ. ಅಡುಗೆಮನೆಯ ಸ್ಟೂಲಿನ ಕಾಲು ಅಲುಗಾಡುತ್ತಿದೆಯೆಂದು ಹೆಂಡತಿ ಮೂರನೆಯ ಸಲ ಅಹವಾಲು ಸಲ್ಲಿಸಿದ ಮೇಲೆ, ಹೋದ ತಿಂಗಳು ಒಂದು ದಿನ ಗರಾಜಿಗೆ ಹೋಗಿ ಹಳೆಯ ಬಾಟಲಿಯ ಮುಚ್ಚಳ ತಿರುಗಿಸಿದೆ. ವಾಸನೆ ಬಂತು. ಅದರ ಬೆನ್ನಿಗೇ ಮೇಷ್ಟ್ರು ಬಂದರು... ಅವರು ತೀರಿಕೊಂಡ ಸುದ್ದಿ ಗುಂಪಿನ ಮೆಸೇಜಿನಲ್ಲಿ ಬಂದು ಆಗ ನಾಲ್ಕು ದಿನವಾಗಿತ್ತು. ಸುದ್ದಿ ಓದಿದಾಗ ನನಗೆ ಏನೂ ಆಗಿರಲಿಲ್ಲ. ಸುಳ್ಳು ಯಾಕೆ ಹೇಳಲಿ, ಸ್ವಲ್ಪ ನಿರಾಳವೇ ಆಗಿತ್ತು. ಸ್ಟೂಲಿನ ಮುಂದೆ ಮೊಣಕಾಲೂರಿ ಕೂತಾಗ ಮಾತ್ರ ಬಾಟಲಿ ಹಿಡಿದ ಕೈ ಅಲ್ಲೇ ನಿಂತಿತು.

ಅವರು ನನಗೆ ಮೇಷ್ಟ್ರಲ್ಲ, ನನಗೆ ಒಂದಕ್ಷರ ಕಲಿಸಿದವರಲ್ಲ. ಕರಾವಳಿಯ ಒಂದು ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಚರಿತ್ರೆ ಪಾಠ ಮಾಡಿ ನಿವೃತ್ತರಾಗಿ, ಕಡಲಾಚೆಯ ಈ ದೇಶಕ್ಕೆ, ಇಸ್ಸಾಕ್ವಾ ಎಂಬ ಊರಿನ ಗುಡ್ಡದ ಮೇಲಿನ ಮಗಳ ಮನೆಗೆ ಬಂದು ನೆಲೆಸಿದ್ದರು. ಹೆಗಲಿಗೊಂದು ಬಟ್ಟೆಯ ಚೀಲವೂ ಬಾಯಲ್ಲಿ ನಾಲ್ಕು ಶಾಸನದ ಸಾಲೂ ಇದ್ದವರನ್ನು ಪರದೇಶದ ಕನ್ನಡ ಕೂಟಗಳು ಸುಮ್ಮನೆ ಬಿಡುವುದಿಲ್ಲ. ನಮ್ಮ ಕೂಟವೂ ಅವರಿಗೆ ವಿಧಿವತ್ತಾಗಿ ಮೇಷ್ಟ್ರ ಪಟ್ಟ ಕಟ್ಟಿತು. ನಾನು ಅವರ ಶತ್ರು. ಈ ಹುದ್ದೆಗೆ ಯಾರೂ ನೇಮಕ ಮಾಡಿರಲಿಲ್ಲ. ನಾನೇ ಅರ್ಜಿ ಹಾಕಿ ನಾನೇ ಮಂಜೂರು ಮಾಡಿಕೊಂಡದ್ದು. ಎಂಟು ವರ್ಷ ಒಂದು ದಿನವೂ ರಜೆ ಹಾಕದೆ ಆ ಕೆಲಸ ಮಾಡಿದ್ದೇನೆ.

ನನ್ನ ಸಂಬಳದ ಕೆಲಸ ಕೆಂಟ್ ಕಣಿವೆಯಲ್ಲಿ, ವಿಮಾನದ ಬಿಡಿಭಾಗ ಮಾಡುವ ಒಂದು ಕಂಪನಿಯಲ್ಲಿ. ಯಾವ ತುಂಡು ಎಷ್ಟು ಭಾರಕ್ಕೆ ಮುರಿಯುತ್ತದೆ ಎಂದು ನಕ್ಷೆ ನೋಡಿ ಹೇಳುವುದು ನನ್ನ ಕಸುಬು. ಮನುಷ್ಯರ ವಿಷಯದಲ್ಲಿ ಈ ವಿದ್ಯೆ ನಯಾಪೈಸೆಯ ಉಪಯೋಗಕ್ಕೂ ಬರುವುದಿಲ್ಲ ಎಂಬುದು ಮುಂದೆ ತಮಗೇ ತಿಳಿಯುತ್ತದೆ.

ಮೇಷ್ಟ್ರಿಗೆ ಮೆಟ್ಟಿಲು ಮೆಟ್ಟಿಲಾಗಿ ಏರುವ ಗುಡಿಗೋಪುರಗಳ ಹುಚ್ಚು. ಹುಟ್ಟಿದ್ದು ಮಳೆಗೆಂದು ಇಳಿಜಾರು ಮಾಡು ಹೊದೆಸಿದ ಗುಡಿಗಳ ಸೀಮೆಯಲ್ಲಿ. ಮನಸ್ಸು ಕೊಟ್ಟದ್ದು ಕದಂಬರ ಕಾಲದ ಮೆಟ್ಟಿಲು ಶಿಖರಗಳಿಗೆ. ಅವರ ಹತ್ತಿರ ಹವಾಮಾನದ ಮಾತು ತೆಗೆದರೂ ಐದನೆಯ ವಾಕ್ಯಕ್ಕೆ ಶಿಖರ ಹತ್ತಿಸುತ್ತಿದ್ದರು. ಶಿಖರವೆಂದರೆ ಮೇರು ಪರ್ವತ. ಕೆಳಗಿನ ಅಂತಸ್ತಿನದೇ ಸಣ್ಣ ರೂಪ ಮೇಲಿನದು, ಅದರ ಸಣ್ಣ ರೂಪ ಅದರ ಮೇಲಿನದು. ತುದಿಯ ಕಳಶದಿಂದ ಒಂದು ತೂಗುಗುಂಡು ಇಳಿಬಿಟ್ಟರೆ ಅದು ನೇರ ಮೂರ್ತಿಯ ನೆತ್ತಿಗೆ ಬಂದು ನಿಲ್ಲಬೇಕು. ಶಿಖರವಿರುವುದು ಹತ್ತುವುದಕ್ಕಲ್ಲ, ಅದರ ಬುಡಕ್ಕೆ ಹೋಗುವುದಕ್ಕೆ. ಬಿಸಿಲಿನಿಂದ ಮಂಟಪಕ್ಕೆ, ಮಂಟಪದಿಂದ ಕತ್ತಲೆಗೆ, ಕತ್ತಲೆಯಲ್ಲಿ ಒಂದು ದೀಪದ ಮುಂದಕ್ಕೆ. ಇದನ್ನೆಲ್ಲ ಅವರು ಚೆನ್ನಾಗಿಯೇ ಹೇಳುತ್ತಿದ್ದರು. ಶತ್ರುವಾದವನು ಇಷ್ಟನ್ನು ಒಪ್ಪಿಕೊಳ್ಳಬೇಕಾಗುತ್ತದೆ.

ನನ್ನ ಮಗಳಿಗೆ ಆಗ ಹನ್ನೆರಡು. ಇಲ್ಲಿ ಹುಟ್ಟಿದ ಮಕ್ಕಳೆಲ್ಲರ ಹಾಗೆ, ಕನ್ನಡದಲ್ಲಿ ಬೈದರೆ ಇಂಗ್ಲಿಷಿನಲ್ಲಿ ಎದುರು ಮಾತಾಡುತ್ತಿದ್ದಳು. ಆರನೆಯ ಕ್ಲಾಸಿನಲ್ಲಿ ಹಳೆಯ ಇರಾಕಿನ ಪಾಠ ಓದಿ, ರಟ್ಟಿನಲ್ಲಿ ಅಲ್ಲಿನ ಒಂದು ಮೆಟ್ಟಿಲು ಗೋಪುರ ಮಾಡಿದ್ದಳು. ಅದೇ ವರ್ಷ ನವರಾತ್ರಿಗೆ ಕೂಟದವರು ಕೆಂಟಿನ ಬಾಡಿಗೆ ಹಾಲಿನಲ್ಲಿ ಗೊಂಬೆ ಕೂರಿಸಿ, ಮಕ್ಕಳಿಗೆ ‘ಲೋಕದ ಗುಡಿಗಳು’ ಎಂದು ಸ್ಪರ್ಧೆ ಇಟ್ಟರು. ನಿಯಮ ಒಂದೇ: ಕನ್ನಡದಲ್ಲಿ ವಿವರಿಸಬೇಕು. ಬೇಡವೆಂದಾಳು ಎಂದುಕೊಂಡಿದ್ದೆ. ಅವಳು ಎರಡು ವಾರ ಕನ್ನಡಿ ಮುಂದೆ ನಿಂತು ಕಲಿತಳು. ಹಸಿರು ಲಂಗ ಉಟ್ಟು, ರಟ್ಟಿನ ಗೋಪುರದ ಪಕ್ಕ ನಿಂತು, ನನ್ನನ್ನು ಒಮ್ಮೆ ನೋಡಿ ಶುರು ಮಾಡಿದಳು. ತೀರ್ಪುಗಾರರು ಮೇಷ್ಟ್ರು.

“ಇದು ಇರಾಕ್‌ದು. ತುಂಬಾ ಹಳೇದು. ಈ ಮೆಟ್ಟಿಲು ನಮಗಲ್ಲ, ದೇವರಿಗೆ. ಮೇಲಿಂದ ಇಳಿದು ಬರೋಕೆ.”

ಮೇಷ್ಟ್ರು ಬಗ್ಗಿ ನಾಲ್ಕೂ ಕಡೆಯಿಂದ ಗೋಪುರವನ್ನು ಪರೀಕ್ಷಿಸಿದರು. “ಗರ್ಭಗುಡಿ ಎಲ್ಲಿ ಉಂಟು ಮಗಾ?”

“ಇಲ್ಲ. ಇಟ್ಸ್ ಸಾಲಿಡ್.”

“ಕನ್ನಡದಲ್ಲಿ ಹೇಳು. ಹಾಗಾದ್ರೆ ದೇವರು ಇಳಿದು ಬಂದು ಎಲ್ಲಿ ಕೂತ್ಕೊಳ್ಳುವುದು? ಪಾರ್ಕಿಂಗ್ ಲಾಟಿನಲ್ಲಾ?”

ಇಡೀ ಹಾಲು ನಕ್ಕಿತು. ಮೊದಲ ಅರ್ಧ ಕ್ಷಣ ನಾನೂ ನಕ್ಕೆ. ಇದನ್ನು ಇದುವರೆಗೆ ಹೆಂಡತಿಗೂ ಹೇಳಿಲ್ಲ. ಮಗಳು ಆ ಒಂದು ಪದಕ್ಕಾಗಿ ನನ್ನ ಮುಖ ನೋಡಿದಳು. ‘ಗಟ್ಟಿ’ ಎಂದು ನಾನು ಅಲ್ಲಿಂದಲೇ ಕೂಗಿ ಹೇಳಬಹುದಿತ್ತು. ಅಷ್ಟು ಚಿಕ್ಕ ಪದ ನನಗೂ ಆಗ ಹೊಳೆಯಲಿಲ್ಲ... ಅವಳು ಗೋಪುರವನ್ನು ಅಲ್ಲೇ ಬಿಟ್ಟು ಹೋಗಿ ಕಾರಿನ ಹತ್ತಿರ ನಿಂತಳು. ಮೊದಲ ಬಹುಮಾನ, ಮಿಣುಕು ದೀಪ ಹಾಕಿದ್ದ ಥರ್ಮೋಕೋಲಿನ ತಿರುಪತಿಗೆ ಹೋಯಿತು.

“ಐ ಆಮ್ ಡನ್ ವಿತ್ ಕನ್ನಡ, ಅಪ್ಪ,” ಎಂದಳು ಕಾರಿನಲ್ಲಿ. ಕೋಪವಿರಲಿಲ್ಲ, ಕೆಲಸಕ್ಕೆ ರಾಜೀನಾಮೆ ಕೊಡುವವರ ದನಿ. ಅಲ್ಲಿಂದ ಮುಂದೆ ‘ಅಪ್ಪ’, ‘ಅಮ್ಮ’ ಬಿಟ್ಟರೆ ನಮ್ಮ ಮನೆಯಲ್ಲಿ ಅವಳ ಬಾಯಿಂದ ಕನ್ನಡದ ಒಂದು ಪದ ಬರಲಿಲ್ಲ.

ಅಂದೇ ನಾನು ಸೇಡಿಗೆ ಸಂಕಲ್ಪ ಮಾಡಿದೆ. ನಾನು ಹಳೆಯ ಕಾಲದವನು. ಯಾವುದನ್ನೂ ತಯಾರಿಯಿಲ್ಲದೆ ಮಾಡುವುದಿಲ್ಲ. ಮೂರು ತಿಂಗಳು ಲೈಬ್ರರಿಯಲ್ಲಿ ಕೂತು ಓದಿದೆ. ಮಗಳು ಹೇಳಿದ್ದು ಅಕ್ಷರಶಃ ಸರಿ. ಆ ಗೋಪುರಗಳು ಒಳಗೆಲ್ಲ ಬರೀ ಹಸಿ ಇಟ್ಟಿಗೆ, ಹೊರಗೊಂದು ಪದರ ಸುಟ್ಟ ಇಟ್ಟಿಗೆ. ಮಣ್ಣಿನ ರಾಶಿ ತನ್ನ ಭಾರಕ್ಕೆ ತಾನೇ ಜಾರದಿರಲೆಂದು ಇಟ್ಟಿಗೆಯ ಕೆಲವು ವರಸೆಗೊಮ್ಮೆ ಜೊಂಡಿನ ಚಾಪೆ ಹಾಸುತ್ತಿದ್ದರು. ಒಳಗಿನ ತೇವ ಬಸಿದು ಹೋಗಲು ಗೋಡೆಯುದ್ದಕ್ಕೂ ಸಣ್ಣ ಕಂಡಿ ಬಿಡುತ್ತಿದ್ದರು. ನನ್ನ ಕಂಪನಿಯಲ್ಲಿ ಅಂಥವರು ಇದ್ದಿದ್ದರೆ ನಾನು ಕೈ ಕಟ್ಟಿ ನಿಲ್ಲುತ್ತಿದ್ದೆ. ಅದು ಎರಡು ನದಿಗಳ ನಡುವಿನ ಬಟ್ಟ ಬಯಲು. ಕಣ್ಣು ಹಾಯಿಸಿದಷ್ಟು ದೂರ ಒಂದು ದಿಬ್ಬವಿಲ್ಲ. ದೇವರು ಇಳಿಯಬೇಕಾದರೆ ಬೆಟ್ಟ ಬೇಕು, ಇಲ್ಲದಿದ್ದರೆ ಕಟ್ಟಿಕೊಡಬೇಕು. ಅವರು ಕಟ್ಟಿಕೊಟ್ಟರು. ತುದಿಯಲ್ಲೊಂದು ಪುಟ್ಟ ಕೋಣೆ, ಅಲ್ಲಿಂದ ಕೆಳಗೆ ಮೆಟ್ಟಿಲು. ಪೂಜಾರಿಗಳ ಹೊರತು ಬೇರೆಯವರು ಹತ್ತುವಂತಿರಲಿಲ್ಲ; ಜನದ ಪೂಜೆ, ನೈವೇದ್ಯ, ಗದ್ದಲವೆಲ್ಲ ಬುಡದ ಪಕ್ಕದಲ್ಲಿದ್ದ ಬೇರೆ ಗುಡಿಯಲ್ಲಿ. ನಮ್ಮ ದೇವರು ಬೆಟ್ಟದ ಬುಡದಲ್ಲಿ ಖಾಯಂ ನಿವಾಸಿ. ಅವರ ದೇವರು ವಿಸಿಟರ್ ವೀಸಾದವನು.

ಮರು ವರ್ಷ ನವೆಂಬರಿನ ರಾಜ್ಯೋತ್ಸವಕ್ಕೆ ಮೇಷ್ಟ್ರ ಉಪನ್ಯಾಸ ನಿಗದಿಯಾಯಿತು: ‘ಬ್ಯಾಬಿಲೋನಿನಿಂದ ಬನವಾಸಿಗೆ.’ ಸೆಪ್ಟೆಂಬರಿನಲ್ಲಿ ಕೂಟದ ಕಾರ್ಯದರ್ಶಿ ಕಾಲ್ ಮಾಡಿದ.

“ಸರ್, ಸ್ಟೇಜ್ ಮೇಲೆ ಒಂದು ಮಾಡೆಲ್ ಬೇಕಂತೆ. ಇರಾಕ್ ಟವರ್‌ದು. ಮೇಷ್ಟ್ರು ನಿಮ್ಮ ಹತ್ರಾನೇ ಮಾಡಿಸಿ ಅಂತಿದಾರೆ.”

“ನನ್ನ ಹತ್ತಿರವೇ ಯಾಕಂತೆ?”

“ನಿಮ್ಮತ್ರ ಟೂಲ್ಸ್ ಎಲ್ಲಾ ಇದೆಯಲ್ಲ ಸರ್.”

ಹಿಂದೆಯೇ ಮೇಷ್ಟ್ರ ನಕ್ಷೆ ಬಂತು. ಗೆರೆ ಹಾಳೆಯ ಮೇಲೆ ಪೆನ್ಸಿಲಿನ ಚಿತ್ರ. ನಾಲ್ಕಡಿ ಎತ್ತರ, ಏಳು ಅಂತಸ್ತು, ತುದಿಯಲ್ಲಿ ಕೋಣೆ. ಬುಡದಲ್ಲೊಂದು ಚೌಕ, ಅದಕ್ಕೆ ಬಾಣದ ಗುರುತು ಹಾಕಿ ‘ಇಲ್ಲಿ ಬಾಗಿಲು. ತೆರೆಯುವಂತಿರಲಿ’ ಎಂದು ಬರೆದಿದ್ದರು. ಬಾಗಿಲಿನ ಹಿಂದೆ ಓರೆಯಾಗಿ ಒತ್ತೊತ್ತು ಗೆರೆ. ಗರ್ಭಗುಡಿಯ ಕತ್ತಲೆ! ಆ ಮನುಷ್ಯ ಇನ್ನೂ ಗರ್ಭಗುಡಿ ಹುಡುಕುತ್ತಿದ್ದಾರೆ. ನಾನು ಆ ಹಾಳೆಯನ್ನು ಮೂರು ಸಲ ಓದಿದೆ. ಯಾರ ಪ್ರೇಮಪತ್ರವನ್ನೂ ನಾನು ಅಷ್ಟು ಆಸೆಯಿಂದ ಓದಿದವನಲ್ಲ.

ಎಂಟು ಶನಿವಾರ ಗರಾಜಿನಲ್ಲಿ ಕೆಲಸ ಮಾಡಿದೆ. ಹೆಂಡತಿ ಪ್ರತಿ ಶನಿವಾರ ಬೆಳಿಗ್ಗೆ ಮಗಳನ್ನು ವಯಲಿನ್ ಕ್ಲಾಸಿಗೆಂದು ಕರೆದುಕೊಂಡು ಹೋಗುತ್ತಿದ್ದಳು. ವಯಲಿನ್ ಪೆಟ್ಟಿಗೆ ಗರಾಜಿನ ಮೂಲೆಯಲ್ಲೇ ಇರುತ್ತಿತ್ತು. ಅದರ ಮೇಲೆ ನಾನು ಗರಗಸ ಇಟ್ಟುಕೊಳ್ಳುತ್ತಿದ್ದೆ. ಏಳು ಅಂತಸ್ತಿನ ಗೋಡೆಗೂ ಒಂದೊಂದೇ ಇಟ್ಟಿಗೆಯ ಗೆರೆ ಕೊರೆದೆ. ತೇವ ಬಸಿಯುವ ಕಂಡಿಗಳನ್ನೂ ಬಿಟ್ಟೆ. ಸೇಡೆಂದ ಮಾತ್ರಕ್ಕೆ ಕೆಲಸ ಕಳಪೆಯಾಗಬಾರದು. ಕೊನೆಗೆ ಬಾಗಿಲು. ಚೌಕಟ್ಟು, ಹಲಗೆ, ಒಂದು ಹಿತ್ತಾಳೆಯ ಗುಂಡಿ. ಯಾರು ನೋಡಿದರೂ ಎಳೆದರೆ ತೆರೆದೀತು ಎನ್ನಬೇಕು. ಹಿಂದೆಲ್ಲ ಮರದ ದಿಮ್ಮಿ ತುಂಬಿ, ನಾಲ್ಕು ಅಂಚಿಗೂ ಅಂಟು ಸವರಿ, ಒಂದು ದಿನ ಪೂರ್ತಿ ಬಿಗಿದಿಟ್ಟೆ. ಮೇಷ್ಟ್ರು ಸಭೆಯ ಮುಂದೆ ಬಾಗಿಲು ಎಳೆಯುತ್ತಾರೆ, ಅದು ಬರುವುದಿಲ್ಲ, ಆಗ ನಾನು ಎದ್ದು ನಿಂತು ಒಂದು ವಾಕ್ಯ ಹೇಳುತ್ತೇನೆ: “ಮೇಷ್ಟ್ರೇ, ಆ ಗೋಪುರಕ್ಕೆ ಒಳಗು ಎಂಬುದಿಲ್ಲ. ಹೋದ ವರ್ಷ ನನ್ನ ಮಗಳು ಇದನ್ನೇ ಹೇಳಿದ್ದಳು.” ಕಂಪನಿಗೆ ಡ್ರೈವ್ ಮಾಡುವಾಗ ಇದನ್ನು ಎಷ್ಟು ಸಲ ಅಭ್ಯಾಸ ಮಾಡಿದೆನೆಂದರೆ ಎಲ್ಲಿ ನಿಲ್ಲಿಸಿ ಕನ್ನಡಕ ಸರಿಮಾಡಿಕೊಳ್ಳಬೇಕು ಎಂಬುದೂ ಗೊತ್ತಾಗಿಹೋಗಿತ್ತು.

ಮೇಷ್ಟ್ರು ಮುಂಚೆಯೇ ಬಾಗಿಲು ಎಳೆದು ನೋಡಿಬಿಟ್ಟರೆ? ಆ ಭಯವೂ ಇರಲಿಲ್ಲ. ನಮ್ಮವರಲ್ಲಿ ಪರದೆ ಸರಿಸದೆ ಯಾವುದೂ ಉದ್ಘಾಟನೆಯಾಗುವುದಿಲ್ಲ. ಸರಿಸುವ ತನಕ ಯಾರೂ ಮುಟ್ಟುವುದೂ ಇಲ್ಲ. ಬೆಳಿಗ್ಗೆಯೇ ಗೋಪುರವನ್ನು ವೇದಿಕೆಗೆ ಸಾಗಿಸಿ, ಹಳದಿ ಕೆಂಪು ಬಟ್ಟೆ ಮುಚ್ಚಿ, ಹೋಗಿ ಮೂರನೆಯ ಸಾಲಿನಲ್ಲಿ ಕೂತೆ.

ಮೇಷ್ಟ್ರು ಪಂಚೆಯ ಮೇಲೆ ಸ್ವೆಟರು, ಅದರ ಮೇಲೆ ಜಾಕೆಟ್ಟು ಹಾಕಿಕೊಂಡು ಬಂದರು. ಪರದೆ ಸರಿಯಿತು, ಚಪ್ಪಾಳೆ ಬಿತ್ತು. ಅವರು ಆ ಬಯಲುಸೀಮೆಯ ವಿಷಯ ಹೇಳಿದರು, ಬೆಟ್ಟವಿಲ್ಲದವರು ಬೆಟ್ಟ ಕಟ್ಟಿದ್ದು ಹೇಳಿದರು. ಮೆಟ್ಟಿಲು ಮನುಷ್ಯರಿಗಲ್ಲ, ಇಳಿದು ಬರುವ ದೇವರಿಗೆ ಎಂದರು. ಅಲ್ಲಿಗೇ ನನಗೆ ಅನುಮಾನ ಬರಬೇಕಿತ್ತು. ನಾನು ನನ್ನ ವಾಕ್ಯವನ್ನು ಬಾಯಲ್ಲಿಟ್ಟುಕೊಂಡು ಕಾಯುತ್ತಿದ್ದೆ. ಬೇರೆಯವರ ವಾಕ್ಯ ಕೇಳಿಸಿಕೊಳ್ಳುವ ಪುರುಸೊತ್ತು ಇರಲಿಲ್ಲ.

“ಇನ್ನು ಇದರ ಒಳಗೆ ಏನುಂಟು ಅಂತ ನೋಡುವಾ,” ಎಂದರು ಮೇಷ್ಟ್ರು. “ಬಾಗಿಲು ತೆಗೆಯಲಿಕ್ಕೆ ಒಬ್ಬರು ಬರ್ತಾರೆ.”

ವೇದಿಕೆಯ ಪಕ್ಕದಿಂದ ನನ್ನ ಮಗಳು ಬಂದಳು. ಅಂಚು ಬಿಚ್ಚಿ ಉದ್ದ ಮಾಡಿದ ಅದೇ ಹಸಿರು ಲಂಗ. ಮೈಕಿನ ಮುಂದೆ ನಿಂತು, ಜನರನ್ನು ನೋಡಿ, ಗೋಪುರದ ಹತ್ತಿರ ಮಂಡಿಯೂರಿ ಗುಂಡಿ ಹಿಡಿದು ಎಳೆದಳು. ಬರಲಿಲ್ಲ. ಇನ್ನೊಮ್ಮೆ ಎಳೆದಳು. ಮೂರನೆಯ ಸಲಕ್ಕೆ ಹಿತ್ತಾಳೆಯ ಗುಂಡಿ ಕಿತ್ತು ಅವಳ ಕೈಗೆ ಬಂತು.

“ಬೀಗದ ಕೈ ಊರಲ್ಲೇ ಮರೆತು ಬಂದ್ರಾ ಮೇಷ್ಟ್ರೇ?” ಎಂದು ಹಿಂದಿನಿಂದ ಯಾರೋ ಕೇಳಿದರು. ಹಾಲು ಮತ್ತೆ ನಕ್ಕಿತು.

ಅವಳು ನನ್ನ ಕಡೆ ನೋಡಲಿಲ್ಲ. ಮೇಷ್ಟ್ರನ್ನು ನೋಡಿದಳು. ಗುಂಡಿಯನ್ನು ಮೇಜಿನ ಮೇಲೆ ಉರುಳದ ಹಾಗೆ ಇಟ್ಟು ಒಳಗೆ ಹೊರಟುಹೋದಳು.

ಮೇಷ್ಟ್ರು ಬಗ್ಗಿ ಬಾಗಿಲಿನ ಅಂಚಿನುದ್ದಕ್ಕೂ ಹೆಬ್ಬೆರಳು ಆಡಿಸಿದರು. ಎದ್ದು ಮೈಕಿಗೆ ಬಂದರು. “ಬಾಗಿಲಿನ ವಿಷಯ ಬರೆದು ಕೊಡುವಾಗ ನನ್ನದೇ ತಪ್ಪಾಗಿದೆ. ಮಗುವಿನದ್ದಲ್ಲ, ಮಾಡಿದವರದ್ದೂ ಅಲ್ಲ. ಕ್ಷಮಿಸಬೇಕು,” ಎಂದು ಹೇಳಿ ಬನವಾಸಿಗೆ ಹೋದರು. ನನ್ನ ವಾಕ್ಯ ನನ್ನ ಬಾಯಲ್ಲೇ ಉಳಿಯಿತು.

ಹಾಲಿನ ಹೊರಗಿನ ಕಾರಿಡಾರಿನಲ್ಲಿ ಹೆಂಡತಿ ಒಂದು ಚೀಟಿ ಹಿಡಿದು ನಿಂತಿದ್ದಳು. “ನಿಮಗೆ ಸರ್‌ಪ್ರೈಸ್ ಕೊಡ್ಬೇಕು, ಅಪ್ಪಂಗೆ ಹೇಳ್ಬೇಡ ಅಂದಿದ್ಲು. ಎಂಟು ವಾರ ಇಸ್ಸಾಕ್ವಾಗೆ ಡ್ರೈವ್ ಮಾಡಿದೀನಿ. ಪಾಪ, ಮೇಷ್ಟ್ರೇ ಮನೆಗೆ ಬಂದು ಅವಳನ್ನ ಕೇಳ್ಕೊಂಡಿದ್ರು, ನೀವು ಆಫೀಸಲ್ಲಿದ್ದಾಗ.” ಚೀಟಿಯಲ್ಲಿ ಮೇಷ್ಟ್ರ ಓರೆ ಅಕ್ಷರ, ಮಗಳಿಗೆ ಓದಲು ಬರಲೆಂದು ಇಂಗ್ಲಿಷ್ ಲಿಪಿಯಲ್ಲಿ ಬರೆದ ಕನ್ನಡ:

‘ಬಾಗಿಲು ತೆಗೆದೆ. ಹಿಂದೆ ಇರುವುದು ಗೋಡೆ. ಒಳಗೆ ಕೋಣೆ ಇಲ್ಲ, ದೇವರೂ ಇಲ್ಲ. ಇದು ಗಟ್ಟಿ. ಹೋದ ವರ್ಷ ನಾನು ಹೇಳಿದ್ದು ಸರಿ. ಮೇಷ್ಟ್ರು ನಗಾಡಿದ್ದು ತಪ್ಪು.’

ಎಳೆದು ತೆರೆದರೆ ಎದುರಿಗೆ ಬರೀ ಇಟ್ಟಿಗೆ: ಅದಕ್ಕಾಗಿ ಆ ಬಾಗಿಲು. ನಕ್ಷೆಯಲ್ಲಿ ಹಿಂದೆ ಹೊಡೆದ ಓರೆ ಗೆರೆ ಕತ್ತಲೆಯಲ್ಲ, ಗಟ್ಟಿ ಗೋಡೆಯ ಗುರುತು. ಅದೇ ಗುರುತನ್ನು ಕಂಪನಿಯಲ್ಲಿ ದಿನಕ್ಕೆ ನೂರು ಸಲ ನೋಡಿ ಸಂಬಳ ತೆಗೆದುಕೊಳ್ಳುವವನು ನಾನು. ಗುಡಿಯ ಬುಡದಲ್ಲಿ ಒಂದು ಬಾಗಿಲು ಕಂಡದ್ದೇ ತಡ, ಒಳಗೆ ದೇವರು ಕೂತಿದ್ದಾನೆ ಎಂದುಕೊಂಡೆ, ನಮ್ಮ ಕಡೆ ಹುಟ್ಟಿದ ಯಾರಾದರೂ ಅಂದುಕೊಳ್ಳುವ ಹಾಗೆ. ಯಾವ ತಪ್ಪಿಗೆ ಅವರನ್ನು ಗಲ್ಲಿಗೇರಿಸಲು ಹದಿಮೂರು ತಿಂಗಳು ಹಗ್ಗ ಹೊಸೆದಿದ್ದೆನೋ ಅದೇ ತಪ್ಪು.

ಸಭೆ ಮುಗಿದ ಮೇಲೆ ಗೋಪುರ ಬಿಚ್ಚುತ್ತಿದ್ದಾಗ ಮೇಷ್ಟ್ರು ಬಂದು ಪಕ್ಕದಲ್ಲಿ ನಿಂತರು. ಸ್ವಲ್ಪ ಹೊತ್ತು ಇಟ್ಟಿಗೆಯ ಗೆರೆಗಳನ್ನು ನೋಡಿದರು.

“ಅಂಟು ಒಳ್ಳೆ ಹಿಡಿದಿದೆ ಮಾರಾಯ್ರೇ,” ಎಂದರು. ಅಷ್ಟೇ. ಚೀಲ ಹೆಗಲಿಗೆ ಹಾಕಿಕೊಂಡು ಹೋದರು.

“ಹೀ ಡಿಡ್ ಇಟ್ ಅಗೇನ್,” ಎಂದಳು ಮಗಳು ಕಾರಿನಲ್ಲಿ. ಹಾಲಿನಿಂದ ನಮ್ಮ ಮನೆಗೆ ಹನ್ನೊಂದು ಸಿಗ್ನಲ್. ಅಂದು ಹೆಚ್ಚುಕಡಿಮೆ ಎಲ್ಲವೂ ಕೆಂಪು. ಒಂದೊಂದರಲ್ಲೂ ಹೇಳಬಹುದಿತ್ತು...

ಹೇಳಲಿಲ್ಲ. ಅವಳು ಮೇಷ್ಟ್ರನ್ನು ದ್ವೇಷಿಸಲು ಶುರುಮಾಡಿದಳು. ಅದನ್ನು ನನ್ನಷ್ಟೇ ಶಿಸ್ತಿನಿಂದ ಮಾಡಿದಳು. ಇಸ್ಸಾಕ್ವಾದ ಯಾವ ಮನೆಗೆ ಕರೆದರೂ ಬರುತ್ತಿರಲಿಲ್ಲ. ಮೇಷ್ಟ್ರು ಮಾತ್ರ ಸಿಕ್ಕಾಗೆಲ್ಲ “ಮಗು ಹೇಗಿದ್ದಾಳೆ?” ಎಂದು ಕೇಳುತ್ತಿದ್ದರು. ಚೆನ್ನಾಗಿದ್ದಾಳೆ ಎನ್ನುತ್ತಿದ್ದೆ. ಅವರು ಯಾರ ಮುಂದಾದರೂ ನನ್ನ ಮೇಲೆ ದೂರು ಹೇಳಲಿ ಎಂದು ನಾನು ವರ್ಷಗಟ್ಟಲೆ ಕಾದೆ. ಹೇಳಿದ್ದರೆ ನನಗೂ ನ್ಯಾಯವಾದ ಒಂದು ಜಗಳ ಸಿಗುತ್ತಿತ್ತು. ಮಗಳನ್ನು ಮೊದಲು ನಗೆಪಾಟಲು ಮಾಡಿದವರು ನೀವೇ ಎಂದು ನಾಲ್ಕು ಜನರ ಮುಂದೆ ಕೇಳುತ್ತಿದ್ದೆ. ಅವರು ಆ ಅವಕಾಶ ಕೊಡಲಿಲ್ಲ. ಏಳು ವರ್ಷ ನನ್ನ ಗುಟ್ಟನ್ನು ನನಗಿಂತ ಭದ್ರವಾಗಿ ಕಾಪಾಡಿದರು. ಇಂಥ ಮನುಷ್ಯನನ್ನು ಕ್ಷಮಿಸುವುದು ಹೇಗೆ? ನಾನಂತೂ ಕ್ಷಮಿಸಲಿಲ್ಲ. ರಾಜ್ಯೋತ್ಸವ ಬಂದಾಗಲೆಲ್ಲ ದ್ವೇಷಕ್ಕೆ ಒಂದು ಪದರ ಹೊಸ ಇಟ್ಟಿಗೆ ಕಟ್ಟುತ್ತ ಹೋದೆ.

ಅಂಟಿನ ಬಾಟಲಿ ತೆರೆದ ದಿನ ಮಗಳಿಗೆ ಕಾಲ್ ಮಾಡಿದೆ. ಅವಳೀಗ ರಾಜ್ಯದ ಇನ್ನೊಂದು ತುದಿಯಲ್ಲಿ ಕಾಲೇಜು ಓದುತ್ತಿದ್ದಾಳೆ. ಮೇಷ್ಟ್ರು ಹೋದರು ಎಂದೆ. “ಓಕೆ,” ಎಂದಳು. ಆಮೇಲೆ ಉಳಿದದ್ದನ್ನೂ ಹೇಳಿದೆ. ನಕ್ಷೆ, ದಿಮ್ಮಿ, ಅಂಟು.

“ಡಿಡ್ ಹೀ ನೋ?”

“ಗೊತ್ತಿತ್ತು.”

“ಆ್ಯಂಡ್ ಯೂ ಲೆಟ್ ಮೀ ಹೇಟ್ ಹಿಮ್.”

ಹೂಂ ಎಂದೆ. ಕಾಲ್ ಕಟ್ಟಾಯಿತು.

ಮೊನ್ನೆ ವೈಕುಂಠ ಸಮಾರಾಧನೆ. ಇಸ್ಸಾಕ್ವಾದ ಆ ಗುಡ್ಡದ ರಸ್ತೆಯಲ್ಲಿ ತಿರುವಿನ ತನಕ ಕಾರು ನಿಂತಿದ್ದವು. ಗರಾಜಿನಲ್ಲಿ ಉದ್ದಕ್ಕೆ ಮೇಜು ಜೋಡಿಸಿ, ಫ್ರೀಜರಿನಿಂದ ತೆಗೆದ ಬಾಳೆಲೆ ಹಾಸಿದ್ದರು. ಬಡಿಸುವ ಗಂಡಸರ ಸಾಲಿಗೆ ನನ್ನನ್ನೂ ಎಳೆದು ಸಾರಿನ ಪಾತ್ರೆ ಕೈಗೆ ಕೊಟ್ಟರು. ಹಾರ ಹಾಕಿದ ಫೋಟೋದ ಎದುರಿಗೆ ಎರಡು ಸಲ ಹಾದುಹೋದೆ. ಅವರ ಜೊತೆ ಜಗಳವಾಡುವ ಆಸೆಯೂ ಕ್ಷಮೆ ಕೇಳುವ ಆಸೆಯೂ ಒಂದೇ ಸಲ ಎದ್ದವು. ಎರಡಕ್ಕೂ ಮನುಷ್ಯ ಬೇಕು. ಈ ಊರಿನಲ್ಲಿ ನನ್ನನ್ನು ಪೂರ್ತಿ ಬಲ್ಲವರು ಅವರೊಬ್ಬರೇ ಆಗಿದ್ದರು...

ಮೇಷ್ಟ್ರ ಮಗಳ ಪಕ್ಕದಲ್ಲಿ ನನ್ನ ಮಗಳು ಕೂತಿದ್ದಳು. ಐದು ತಾಸು ಒಬ್ಬಳೇ ಡ್ರೈವ್ ಮಾಡಿ ನೇರ ಅಲ್ಲಿಗೇ ಬಂದಿದ್ದಳಂತೆ. ನಮ್ಮ ಮನೆಗೆ ಬಂದಿರಲಿಲ್ಲ, ಬರುತ್ತೇನೆಂದು ಹೇಳಿಯೂ ಇರಲಿಲ್ಲ. ನಾನು ಎರಡು ಎಲೆ ಆಚೆ ಇದ್ದಾಗ ಅವಳ ದನಿ ಕೇಳಿಸಿತು. “ನಂಗೆ ಗೊತ್ತಿರ್ಲಿಲ್ಲ ಆಂಟಿ. ನಾನು... ಬರ್ಬೇಕಿತ್ತು. ಮುಂಚೆನೇ.” ಪದಕ್ಕೆ ಪದ ಹುಡುಕಿ ಜೋಡಿಸುತ್ತಿದ್ದಳು. ಆ ಹೆಂಗಸು ಅವಳ ಮುಂಗೈ ಹಿಡಿದುಕೊಂಡಿದ್ದರು.

ನಾನು ಅವಳ ಎಲೆಯ ಮುಂದೆ ಬಂದು ನಿಂತೆ. “ಸಾರು?” ಎಂದೆ.

“ನೋ, ಥ್ಯಾಂಕ್ಸ್,” ಎಂದಳು, ತಲೆ ಎತ್ತದೆ.

ನನ್ನ ಹಿಂದೆ ಹುಳಿಯ ಪಾತ್ರೆ ಹಿಡಿದವನು ಬಂದ. ಅವನಿಗೆ ಅವಳು ತಲೆ ಎತ್ತಿ ಹೇಳಿದಳು: “ಸ್ವಲ್ಪ ಹಾಕಿ. ಸಾಕು, ಸಾಕು.”

ಈ ಗುಣ ಅವಳಿಗೆ ಎಲ್ಲಿಂದ ಬಂತೆಂದು ನಾನು ಯಾರನ್ನೂ ಕೇಳಬೇಕಾಗಿರಲಿಲ್ಲ. ಸೌಟನ್ನು ಪಾತ್ರೆಗಿಳಿಸಿ ಮುಂದಿನ ಎಲೆಗೆ ಹೋದೆ.